ಎರಡನೇ ಗೇರ್ ಕರ್ ಅಂದರೆ ‘ಸರ್ವಿಸ್ ಸೆಂಟರ್ ಸಂಪರ್ಕಿಸಿ’ ಅನ್ನೋದು ಉತ್ತರವಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದ ಪ್ರಶ್ನೋತ್ತರದಲ್ಲಿ ಹೊಸನಗರ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಹಳೆಯ ಮಾರುತಿ 800 ಇದೆ, ಎರಡನೇ ಗೇರ್ ಹಾಕುವಾಗ ಕರ್ ಅಂತ ಸದ್ದು ಬರುತ್ತೆ, ಬೇರೆ ಗೇರ್‌ಗಳೆಲ್ಲ ಸರಿಯಾಗಿ ಬೀಳುತ್ತವೆ, ಗ್ಯಾರೇಜಿನವರು ಗೇರ್‌ಬಾಕ್ಸನ್ನೇ ಪೂರ್ತಿ ಬದಲಿಸಬೇಕು ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ. ನಿಮ್ಮ ತಜ್ಞರ ಉತ್ತರ ಒಂದೇ ಸಾಲು: ‘ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಸಂಪರ್ಕಿಸಿ.’ ಅದೇ ಪುಟದ ಮುಕ್ಕಾಲು ಭಾಗ ಯಾವುದೋ ಹೊಸ ಕಾರಿನ ಸನ್‌ರೂಫ್ ಮತ್ತು ಟಚ್‌ಸ್ಕ್ರೀನ್ ಬಗ್ಗೆ ಇತ್ತು.

ಓದಿ ಸಿಟ್ಟು ಬಂತು. 1983ರ ಡಿಸೆಂಬರ್‌ನಲ್ಲಿ ಶುರುವಾದ ಆ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ಈಗ ಅದನ್ನು ಗಾಜಿನ ಬಾಗಿಲಿನ ಸರ್ವಿಸ್ ಸೆಂಟರ್‌ಗೆ ಒಯ್ದರೆ ಗೇರ್‌ಬಾಕ್ಸನ್ನು ಬೆಂಚಿನ ಮೇಲಿಟ್ಟು, ಬಿಡಿಸಿ, ಒಳಗಿನ ಒಂದು ಉಂಗುರ ಬದಲಿಸಿ ಕೊಡುವ ವ್ಯವಧಾನ ಯಾರಿಗಿದೆ? ಇಡೀ ಗೇರ್‌ಬಾಕ್ಸ್ ಅಸೆಂಬ್ಲಿಯನ್ನೇ ಬದಲಿಸಿ ಅನ್ನುತ್ತಾರೆ. ಅದರ ರೇಟು ಕೇಳಿದವರು ಕಾರನ್ನೇ ಗುಜರಿಗೆ ಕೊಡುವ ಯೋಚನೆ ಮಾಡುತ್ತಾರೆ.

ನಾನು ಮೆಕ್ಯಾನಿಕ್ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿರುವವನು. ಆದರೆ ನಮ್ಮ ಕಡೆ ತೋಟ ಅಂದಮೇಲೆ ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಮೆಷಿನ್ನು, ನೀರಿನ ಮೋಟರ್ ಎಲ್ಲ ನಾವೇ ಬಿಚ್ಚಿ ಕಟ್ಟಬೇಕು, ಪೇಟೆಯಿಂದ ಯಾರೂ ಬರೋದಿಲ್ಲ. ಹಾಗೇ ನಮ್ಮ ಮನೆಯ 800ರ ಗೇರ್‌ಬಾಕ್ಸನ್ನೂ ಅಂಗಳದಲ್ಲೇ ಇಳಿಸಿ, ರಿಪೇರಿ ಮಾಡಿ, ಹತ್ತಿಸಿದ್ದೇವೆ. ಆ ಅನುಭವದ ಮೇಲೆ ಆ ಓದುಗರಿಗೆ ಸಿಗಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಪತ್ರ ಉದ್ದ ಆಗುತ್ತೆ. ಕತ್ತರಿ ಹಾಕಲೇಬೇಕಿದ್ದರೆ ಮುಂದೆ ಬರುವ ಹಳೆಯ ಜೀಪಿನ ಮಾತಿಗೆ ಹಾಕಿ, ಉಳಿದದ್ದನ್ನು ಬಿಡಿ.

ಮೊದಲು ರೋಗ ಯಾವುದು ಅಂತ ನೋಡಬೇಕು. ಅದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ. ಎಲ್ಲ ಗೇರ್‌ಗಳೂ ಕರ್ ಅಂದರೆ, ಅದರಲ್ಲೂ ರಿವರ್ಸ್ ಹಾಕುವಾಗ ಜಾಸ್ತಿ ಅಂದರೆ, ಗೇರ್‌ಬಾಕ್ಸಿನ ತಪ್ಪಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅನುಮಾನ ಪಡಿ. ಕೇಬಲ್ ಸಡಿಲ ಆಗಿರಬಹುದು. ಅಡ್ಜಸ್ಟ್ ಮಾಡಿದರೆ ಮುಗಿಯಿತು. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ ಗುಂಯ್ ಅಂತ ಸದ್ದು ಬಂದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಎಂಜಿನ್ನಿನ ತಿರುಗನ್ನು ಗೇರ್‌ಬಾಕ್ಸಿಗೆ ತರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ನೋಡಬೇಕು. ಅದಕ್ಕೆ ಉಲ್ಟಾ, ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಹಾಕಿದ ಗೇರ್ ತಾನಾಗೇ ಹೊರಗೆ ಬರುತ್ತಿದ್ದರೆ ಒಳಗೆ ನೋಡುವ ಮುಂಚೆ ಎಂಜಿನ್ ಮೌಂಟಿನ ರಬ್ಬರ್ ಹರಿದಿದೆಯಾ ನೋಡಿ. ರಬ್ಬರ್ ಹೋದರೆ ಇಡೀ ಎಂಜಿನ್ನೇ ಹಿಂದೆ ಮುಂದೆ ಆಡಿ ಗೇರನ್ನು ಎಳೆದು ಹಾಕುತ್ತೆ. ಇಷ್ಟನ್ನು ನೋಡದೇ ‘ಗೇರ್‌ಬಾಕ್ಸ್ ಹೋಗಿದೆ’ ಅಂದುಬಿಡುವವರು ನಮ್ಮಲ್ಲಿ ಜಾಸ್ತಿ.

ಒಂದೇ ಒಂದು ಗೇರ್ ಮಾತ್ರ ಕರ್ ಅಂದರೆ ಆ ಗೇರಿನ ಸಿಂಕ್ರೊನೈಸರ್ ರಿಂಗ್ ಸವೆದಿದೆ ಅನ್ನೋದು ಹೆಚ್ಚುಕಮ್ಮಿ ಖಾತ್ರಿ. ಹೊಸನಗರದವರ ಗಾಡಿಗೆ ಆಗಿರುವುದು ಇದೇ ಇರಬೇಕು. ನಮ್ಮ ಕಡೆ ಎರಡನೇ ಗೇರೇ ಮೊದಲು ಹೋಗೋದಕ್ಕೆ ಕಾರಣವೂ ಇದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ, ಹುಲಿಕಲ್ ಘಾಟಿಯಲ್ಲಿ, ಅಷ್ಟೇಕೆ ನಮ್ಮೂರ ಮಣ್ಣಿನ ಏರಿನಲ್ಲೂ ಆಟ ಎಲ್ಲ ಒಂದು ಎರಡರ ನಡುವೆಯೇ. ಏರಿನ ಮಧ್ಯೆ ಮೂರರಿಂದ ಎರಡಕ್ಕೆ ಅವಸರದಲ್ಲಿ ಎಳೆಯುತ್ತೇವೆ. ಅದರ ಮೇಲೆ ಕೆಲವರಿಗೆ ಎಡಗೈಯನ್ನು ಸದಾ ಗೇರ್ ಕಡ್ಡಿಯ ಮೇಲೇ ಇಟ್ಟುಕೊಳ್ಳುವ ಚಾಳಿ. ಆ ಭಾರ ಒಳಗೆ ಗೇರ್ ಬದಲಿಸುವ ಕವೆಯಂಥ ಫೋರ್ಕಿನ ಮೇಲೆ ಬಿದ್ದು ಅದೂ ಸವೆಯುತ್ತೆ.

ಆ ರಿಂಗ್ ಏನು ಮಾಡುತ್ತೆ ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತೆ. ಗೇರ್ ಒಂದು ವೇಗದಲ್ಲಿ ತಿರುಗುತ್ತಿರುತ್ತೆ, ಅದಕ್ಕೆ ಹಲ್ಲು ಕೂಡಿಸಬೇಕಾದ ಸ್ಲೀವ್ ಇನ್ನೊಂದು ವೇಗದಲ್ಲಿ. ನಡುವೆ ಒಂದು ಹಿತ್ತಾಳೆ ಉಂಗುರ. ಉಂಗುರದ ಒಳಮೈ ಕೋನ್ ಆಕಾರದಲ್ಲಿ ಓರೆಯಾಗಿರುತ್ತೆ, ಅದರ ಮೇಲೆ ಬೋಲ್ಟಿನ ಥ್ರೆಡ್ಡಿನಂಥ ಸಣ್ಣ ಗೀರುಗಳು. ನೀವು ಕಡ್ಡಿ ತಳ್ಳಿದಾಗ ಉಂಗುರ ಗೇರಿನ ಕೋನಿಗೆ ಒತ್ತಿಕೊಳ್ಳುತ್ತೆ, ಗೀರುಗಳು ನಡುವಿನ ಎಣ್ಣೆಯನ್ನು ಹೊರಗೆ ದಬ್ಬುತ್ತವೆ, ಹಿಡಿತ ಸಿಕ್ಕಿ ಎರಡರ ವೇಗವೂ ಒಂದಾಗುತ್ತೆ. ಆಮೇಲೆ ಸ್ಲೀವ್ ಸದ್ದಿಲ್ಲದೆ ಒಳಗೆ ಹೋಗುತ್ತೆ. ಗೀರು ಸವೆದು ನುಣ್ಣಗಾದ ಮೇಲೆ ಹಿಡಿತ ಇಲ್ಲ. ಹಲ್ಲಿಗೆ ಹಲ್ಲು ತಾಗಿ ಕರ್ ಅನ್ನುತ್ತೆ. ಅಷ್ಟೇ ಕಥೆ. ಆ ರಿಂಗಿನ ಬೆಲೆ ಕೆಲವು ನೂರು ರೂಪಾಯಿ.

ಈ ಸಿಂಕ್ರೊ ವ್ಯವಸ್ಥೆಯನ್ನು ಕಾರುಗಳಿಗೆ ಮೊದಲು ತಂದದ್ದು ಅಮೆರಿಕದ ಕ್ಯಾಡಿಲಾಕ್, 1928ರಲ್ಲಿ. ನಮ್ಮ ಮಲೆನಾಡಿನ ಹಳೆಯ ಮೂರು ಗೇರಿನ ಜೀಪುಗಳಲ್ಲಿ ಮೊದಲ ಗೇರಿಗೆ ಸಿಂಕ್ರೊ ಇರಲೇ ಇಲ್ಲ. ಆಗಿನ ಡ್ರೈವರ್‌ಗಳು ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಿ ಗೇರ್ ಇಳಿಸುತ್ತಿದ್ದರು. ಡಬಲ್ ಕ್ಲಚ್ ಅನ್ನುತ್ತಿದ್ದರು. ಹೊಸನಗರದವರು ರಿಪೇರಿ ಆಗುವವರೆಗೂ ಹೀಗೆ ಓಡಿಸಬಹುದು. ಕರ್ ಅನ್ನೋದು ತುಂಬಾ ಕಮ್ಮಿ ಆಗುತ್ತೆ.

ಈಗ ಇಳಿಸುವ ಕೆಲಸ. ಗೇರ್‌ಬಾಕ್ಸ್ ರಿಪೇರಿಯಲ್ಲಿ ಜೀವಕ್ಕೆ ಹೆಚ್ಚು ಅಪಾಯ ಇರುವುದು ಇಲ್ಲೇ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಬಾರದು. ನಮ್ಮಲ್ಲಿ ಕೈಗೆ ಸಿಗೋದು ಜಂಬಿಟ್ಟಿಗೆ ಕಲ್ಲು, ಇಲ್ಲವೇ ಹಾಲೋಬ್ಲಾಕ್. ಎರಡೂ ಬೇಡ. ಜಂಬಿಟ್ಟಿಗೆ ಪುಡಿಯಾಗಿ ಉದುರುತ್ತೆ, ಹಾಲೋಬ್ಲಾಕ್ ಮುನ್ಸೂಚನೆಯೇ ಕೊಡದೆ ಒಡೆಯುತ್ತೆ. ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ತನ್ನಿ, ಇಲ್ಲವೇ ಗುರುತಿನವರ ಗ್ಯಾರೇಜಿನಿಂದ ಬಾಡಿಗೆಗೆ ತನ್ನಿ. ನಮ್ಮ ಕೆಂಪು ಮಣ್ಣಿನ ಅಂಗಳ ಮಳೆಗಾಲದಲ್ಲಿ ಮೆತ್ತಗಿರುತ್ತೆ, ಸ್ಟ್ಯಾಂಡಿನ ಕಾಲು ಹೂತುಹೋಗುತ್ತೆ. ಅಡಿಗೆ ದಪ್ಪ ಹಲಗೆ ಇಡಲೇಬೇಕು. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅದೇ ಬೆಸ್ಟು, ಆದರೆ ಕೊಯ್ಲಿನ ಕಾಲದಲ್ಲಿ ಅಲ್ಲಿ ಗೇರ್ ಎಣ್ಣೆ ಚೆಲ್ಲಿದರೆ ಮನೆಯಲ್ಲಿ ಊಟ ಸಿಗೋದು ಕಷ್ಟ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಏರಿಸಿದ ಮೇಲೆ ಕಾರನ್ನು ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ನೀವು ಅಡಿಗೆ ಹೋಗುವ ಮುಂಚೆಯೇ ಬೀಳಲಿ.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಸ್ಟಾರ್ಟರ್ ಮೋಟರಿಗೆ ಬರುವ ದಪ್ಪ ವೈರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತೆ. ಆಮೇಲೆ ಎಣ್ಣೆ ಇಳಿಸಿ. ಡ್ರೈನ್ ಬೋಲ್ಟಿಗೆ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಒರೆಸಿ ಬಿಸಾಡಬೇಡಿ, ಬೆರಳಿನಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಅದು ಮಾಮೂಲಿ. ಚಕ್ಕೆ ಚಕ್ಕೆ ಉಕ್ಕು ಸಿಕ್ಕರೆ ಗೇರಿನ ಹಲ್ಲೋ ಬೇರಿಂಗೋ ಮುರಿದಿದೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟೋದಿಲ್ಲ, ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ ಚಿನ್ನದ ಬಣ್ಣದ ಪುಡಿ ಮಿನುಗುತ್ತೆ. ಅದು ಆ ರಿಂಗಿನ ಪುಡಿ. ಇನ್ನು ಎಣ್ಣೆ ಹಾಲು ಬೆರೆಸಿದ ಚಹಾದ ಹಾಗೆ ಕಂಡರೆ ನೀರು ಸೇರಿದೆ. ಮಳೆಗಾಲದಲ್ಲಿ ಹಳ್ಳ ದಾಟುವ ಗಾಡಿಗಳಲ್ಲಿ ಇದು ಅಪರೂಪವೇನಲ್ಲ. ಓಡಿ ಬಿಸಿಯಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿ ಆಡುವ ಬ್ರೀದರ್ ಕೊಳವೆಯಿಂದ ಇಲ್ಲವೇ ಹಳೆಯ ಸೀಲಿನಿಂದ ನೀರು ಎಳೆದುಕೊಳ್ಳುತ್ತೆ. ಎಷ್ಟೋ ಬೇರಿಂಗ್‌ಗಳು ಹಾಳಾಗುವುದು ಹೀಗೆ, ಓಡಿ ಸವೆದಲ್ಲ.

800 ಮುಂದಿನ ಚಕ್ರ ಓಡಿಸುವ ಗಾಡಿ, ಹಾಗಾಗಿ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಎರಡೂ ಕಡೆಯ ಡ್ರೈವ್ ಶಾಫ್ಟ್ ಬಿಡಿಸಬೇಕು. ಚಕ್ರದ ನಡುವಿನ ದೊಡ್ಡ ನಟ್ಟನ್ನು ಕಾರು ನೆಲದ ಮೇಲಿದ್ದಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಸಡಿಲ ಮಾಡಿಕೊಳ್ಳಿ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಗೆ ಉದ್ದ ಪೈಪ್ ಹಾಕಿ ತೂಗಾಡುವುದು ಬೇಡ. ಮಿಕ್ಕಿದ್ದು ತಾಳ್ಮೆಯ ಕೆಲಸ: ಕ್ಲಚ್ ಕೇಬಲ್, ಸ್ಪೀಡೊಮೀಟರ್ ಕೇಬಲ್, ರಿವರ್ಸ್ ಲೈಟಿನ ವೈರ್, ಗೇರ್ ರಾಡು, ಸ್ಟಾರ್ಟರ್. ಬಿಚ್ಚಿದ ಬೋಲ್ಟುಗಳಿಗೆ ನಮ್ಮಲ್ಲಿ ಅಡಿಕೆ ಹಾಳೆಯ ತಟ್ಟೆಗಿಂತ ಒಳ್ಳೆಯದು ಇಲ್ಲ. ಒಂದೊಂದು ಜಾಗದ ಬೋಲ್ಟಿಗೆ ಒಂದೊಂದು ತಟ್ಟೆ, ಅಂಚಿನಲ್ಲಿ ಮಾರ್ಕರ್ ಪೆನ್ನಿನಿಂದ ‘ಸ್ಟಾರ್ಟರ್’, ‘ಎಡಗಡೆ ಮೌಂಟ್’ ಅಂತ ಬರೆದುಬಿಡಿ. ಗೇರ್‌ಬಾಕ್ಸ್ ಸುತ್ತ ಬರುವ ಬೋಲ್ಟುಗಳ ಉದ್ದ ಬೇರೆ ಬೇರೆ. ಅವಕ್ಕೆ ರಟ್ಟಿನ ಮೇಲೆ ಗೇರ್‌ಬಾಕ್ಸಿನ ಆಕಾರ ಬರೆದು, ಯಾವ ತೂತಿನ ಬೋಲ್ಟೋ ಅಲ್ಲೇ ಚುಚ್ಚಿಡಿ. ಫೋನಿನಲ್ಲಿ ಫೋಟೋ ತೆಗೆಯೋದು ಇದ್ದೇ ಇದೆ, ಆದರೆ ಎಣ್ಣೆ ಕೈಯಲ್ಲಿ ಫೋನ್ ಹುಡುಕುವ ಹೊತ್ತಿಗೆ ರಟ್ಟೇ ವಾಸಿ.

ಗೇರ್‌ಬಾಕ್ಸ್ ಬಿಡಿಸುವ ಮುಂಚೆ ಎಂಜಿನ್ನಿಗೆ ಆಧಾರ ಕೊಡಬೇಕು, ಆಯಿಲ್ ಚೇಂಬರ್ ಅಡಿಗೆ ಮರದ ತುಂಡು ಇಟ್ಟು ಜಾಕ್ ಕೊಟ್ಟರೆ ಆಯಿತು. ಗೇರ್‌ಬಾಕ್ಸ್ ಅಡಿಗೆ ಇನ್ನೊಂದು ಜಾಕ್. ಇಬ್ಬರು ಬೇಕೇ ಬೇಕು. ಗೇರ್‌ಬಾಕ್ಸನ್ನು ಎಂಜಿನ್ನಿನಿಂದ ನೇರವಾಗಿ ಪಕ್ಕಕ್ಕೆ ಎಳೆಯಬೇಕು, ಅರ್ಧ ಬಂದಾಗ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡಲು ಬಿಟ್ಟರೆ ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತೆ. ಮಾಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಇಳಿಸುವವರೂ ಇದ್ದಾರೆ. ನಮ್ಮ ಹಳೆಯ ಮನೆಗಳ ತೊಲೆಗೆ ಗೆದ್ದಲು ಎಲ್ಲಿ ತನಕ ಹತ್ತಿದೆ ಅಂತ ಹೊರಗಿನಿಂದ ಗೊತ್ತಾಗೋದಿಲ್ಲ, ನಾನಂತೂ ಅದಕ್ಕೆ ಒಪ್ಪುವವನಲ್ಲ. ಕ್ಲಚ್ ಹತ್ತಿರದ ಕಪ್ಪು ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನು ಬೆಂಚಿನ ಮೇಲೆ. ಇಲ್ಲಿ ಎಲ್ಲರೂ ಹೆದರುವುದು ಲಾಕಿಂಗ್ ಗುಂಡು ಮತ್ತು ಸ್ಪ್ರಿಂಗಿಗೆ. ಗೇರ್ ಬಿದ್ದಾಗ ಟಕ್ ಅಂತ ಕೂರುವಂತೆ ಮಾಡುವುದು ಸ್ಪ್ರಿಂಗ್ ಒತ್ತಿದ ಸಣ್ಣ ಉಕ್ಕಿನ ಗುಂಡುಗಳು. ಒಟ್ಟಿಗೆ ಎರಡು ಗೇರ್ ಬೀಳದ ಹಾಗೆ ತಡೆಯುವ ಇಂಟರ್‌ಲಾಕ್ ಬೇರೆ ಇರುತ್ತೆ. ಫೋರ್ಕಿನ ಶಾಫ್ಟ್ ಎಳೆದ ಕೂಡಲೇ ಗುಂಡು ಹಾರಿ ದರಗಿನಲ್ಲಿ ಬಿದ್ದರೆ ದೇವರೇ ಗತಿ. ಎಳೆಯುವ ಮುಂಚೆ ಬಟ್ಟೆ ಸುತ್ತಿ ಹಿಡಿಯಿರಿ, ಅಡಿಗೆ ಬಿಳಿ ಪಂಚೆ ಹಾಸಿ. ಗುಂಡು, ಸ್ಪ್ರಿಂಗ್ ಯಾವ ಕ್ರಮದಲ್ಲಿ ಬಂತೋ ಅದೇ ಕ್ರಮದಲ್ಲಿ ಜೋಡಿಸಿಡಿ.

ರಿಂಗ್ ಹೋಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳುವುದು ಸುಲಭ. ಅದನ್ನು ಗೇರಿನ ಕೋನಿಗೆ ಕೈಯಲ್ಲೇ ಒತ್ತಿ ತಿರುಗಿಸಿ. ಚೆನ್ನಾಗಿದ್ದರೆ ಕಚ್ಚಿಕೊಳ್ಳುತ್ತೆ, ಸವೆದಿದ್ದರೆ ಜಾರುತ್ತೆ. ಜೊತೆಗೆ ರಿಂಗಿಗೂ ಗೇರಿನ ಹಲ್ಲಿಗೂ ನಡುವಿನ ಸಂದಿಯನ್ನು ಫೀಲರ್ ಗೇಜ್ ಅನ್ನುವ ತೆಳು ಉಕ್ಕಿನ ಪಟ್ಟಿ ಹಾಕಿ ಅಳೆಯಿರಿ. ಮಾರುತಿ ಗಾಡಿಗಳಲ್ಲಿ ಅರ್ಧ ಮಿಲಿಮೀಟರಿಗಿಂತ ಕಮ್ಮಿ ಆಗಿದ್ದರೆ ಬದಲಿಸುವುದು ವಾಡಿಕೆ. ಸ್ಲೀವಿನ ಹಲ್ಲುಗಳ ತುದಿಯನ್ನೂ ನೋಡಿ, ಚೂಪು ಹೋಗಿ ಗುಂಡಗಾಗಿದ್ದರೆ ಬರೀ ರಿಂಗ್ ಹಾಕಿ ಪ್ರಯೋಜನ ಇಲ್ಲ, ಅದೂ ಹೋಗಬೇಕು.

ಮನೆಯಲ್ಲಿ ಆಗದ ಕೆಲಸ ಒಂದಿದೆ. ಶಾಫ್ಟಿನ ಮೇಲೆ ಬಿಗಿಯಾಗಿ ಕೂತ ಬೇರಿಂಗ್, ಹಬ್ ಬಿಡಿಸಲು ಹೈಡ್ರಾಲಿಕ್ ಪ್ರೆಸ್ ಬೇಕು. ಸುತ್ತಿಗೆಯಲ್ಲಿ ಬಡಿದರೆ ಶಾಫ್ಟು, ಬೇರಿಂಗು ಎರಡೂ ಹಾಳು. ಶಾಫ್ಟನ್ನು ಗೋಣಿಯಲ್ಲಿ ಸುತ್ತಿ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಕಡೆಯೋ ಭದ್ರಾವತಿಯ ಲೇತ್ ಅಂಗಡಿಗೋ ಬಸ್ಸಿನಲ್ಲೇ ಒಯ್ಯಿರಿ. ಪ್ರೆಸ್ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾಗೋದಿಲ್ಲ. ಬೇರಿಂಗನ್ನು ಗಾಡಿಯ ಹೆಸರು ಹೇಳಿ ಕೇಳುವುದಕ್ಕಿಂತ ಅದರ ಮೇಲೆ ಕೆತ್ತಿರುವ ನಂಬರ್ ಹೇಳಿ ಕೇಳಿ. ಉದಾಹರಣೆಗೆ 6205 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ, ಒಳ ತೂತು 25 ಮಿಲಿಮೀಟರ್. ಹೊರಗಿನ ಅಳತೆ 52, ದಪ್ಪ 15. ಯಾವ ಕಂಪನಿಯದಾದರೂ ಇದೇ ಅಳತೆ. ಗಾಡಿಯ ಡಬ್ಬಿಯಲ್ಲಿ ಬರುವ ಅದೇ ಬೇರಿಂಗ್ ಬಿಡಿ ಅಂಗಡಿಯಲ್ಲಿ ಕಮ್ಮಿಗೆ ಸಿಗಬಹುದು, ಕೇಳಿ ನೋಡುವುದರಲ್ಲಿ ನಷ್ಟ ಇಲ್ಲ ಅಲ್ವಾ. ಗೇರ್‌ಬಾಕ್ಸ್ ಹೊರಗಿದ್ದಾಗಲೇ ಆಯಿಲ್ ಸೀಲುಗಳನ್ನೂ ರಿಲೀಸ್ ಬೇರಿಂಗನ್ನೂ ಬದಲಿಸಿಬಿಡಿ. ಅದೊಂದಕ್ಕಾಗಿ ಮತ್ತೆ ಇಳಿಸುವ ಶಿಕ್ಷೆ ಯಾರಿಗೂ ಬೇಡ.

ಹತ್ತಿಸುವಾಗ ಕ್ಲಚ್ ಪ್ಲೇಟ್ ನಟ್ಟನಡುವೆ ಕೂತಿರಬೇಕು. ಅದಕ್ಕೆ ಪ್ಲಾಸ್ಟಿಕ್ ಅಲೈನ್‌ಮೆಂಟ್ ಟೂಲ್ ಸಿಗುತ್ತೆ, ಹಳೆಯ ಇನ್‌ಪುಟ್ ಶಾಫ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಪ್ಲೇಟನ್ನು ತಿರುಗಾಮುರುಗಾ ಹಾಕಬೇಡಿ. ಗೇರ್‌ಬಾಕ್ಸ್ ಕೊನೆಯ ಒಂದಿಂಚು ಹೋಗದೆ ನಿಂತರೆ ಬೋಲ್ಟು ಬಿಗಿದು ಎಳೆಯಲು ಹೋಗಬೇಡಿ, ಅಲ್ಯುಮಿನಿಯಂ ಹೌಸಿಂಗ್ ಸೀಳಿಬಿಡುತ್ತೆ. ಗೇರಿಗೆ ಹಾಕಿ, ಡ್ರೈವ್ ಶಾಫ್ಟ್ ಕೂರುವ ಎರಡೂ ಕಡೆ ಒಂದೇ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಹಲ್ಲು ಹೊಂದಿಕೊಂಡು ಒಳಗೆ ಜಾರುತ್ತೆ.

ಎಣ್ಣೆ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬೇಡಿ, ಗಾಡಿಯ ಪುಸ್ತಕ ನೋಡಿ. ‘ದಪ್ಪ ಎಣ್ಣೆ ಹಾಕಿ ಸಾರ್, ಸದ್ದು ನಿಲ್ಲುತ್ತೆ’ ಅನ್ನುವವರು ಎಲ್ಲಾ ಕಡೆ ಇದ್ದಾರೆ. ಹಿತ್ತಾಳೆ ರಿಂಗಿನ ಇಂಥ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಬೇಕಾದದ್ದು ಜಿಎಲ್-4 ದರ್ಜೆಯ ಎಣ್ಣೆ. ಜಿಎಲ್-5 ಅಂದರೆ ನಂಬರ್ ಜಾಸ್ತಿ, ಹಾಗಾಗಿ ಇನ್ನೂ ಒಳ್ಳೆಯದು ಅಂತ ತಿಳಿಯಬೇಡಿ. ಅದರಲ್ಲಿ ಗಂಧಕ ರಂಜಕದ ಅಂಶ ಜಾಸ್ತಿ, ಹಿತ್ತಾಳೆಗೆ ಆಗಿಬರದೇ ಇರಬಹುದು, ಮೇಲಾಗಿ ಜಾರುವ ಗುಣ ಹೆಚ್ಚಾಗಿ ರಿಂಗ್ ಸರಿಯಾಗಿ ಹಿಡಿಯದೇ ಇರಬಹುದು. ಓಮ್ನಿ, ಜೀಪಿನಂಥ ಹಿಂದಿನ ಚಕ್ರದ ಗಾಡಿಗಳ ಹಿಂದಿನ ಆಕ್ಸಲಿನ ನಡುವೆ ಇರುವ ಡಿಫರೆನ್ಷಿಯಲ್‌ಗೆ ಜಿಎಲ್-5 ಬೇಕಾಗುತ್ತೆ, ಅದೇ ಡಬ್ಬಿಯನ್ನು ಗೇರ್‌ಬಾಕ್ಸಿಗೂ ಸುರಿಯುವ ಅಭ್ಯಾಸ ಅಲ್ಲಿಂದ ಬಂದಿರಬೇಕು. ಇಳಿಸಿದ ಹಳೆಯ ಎಣ್ಣೆಯನ್ನು ಹಳ್ಳಕ್ಕೆ ಮಾತ್ರ ಬಿಡಬೇಡಿ. ನಮ್ಮೂರಿನಲ್ಲಿ ಅದು ಹೋಗಿ ಸೇರುವುದು ತುಂಗೆಗೇ. ಕ್ಯಾನಿಗೆ ತುಂಬಿ ಗ್ಯಾರೇಜಿನವರಿಗೆ ಕೊಟ್ಟುಬಿಡಿ.

ಸಂಪಾದಕರೇ, ಇಷ್ಟನ್ನೆಲ್ಲ ಬರೆದದ್ದು ಎಲ್ಲರೂ ಪಾನಾ ಹಿಡಿಯಿರಿ ಅಂತಲ್ಲ. ಮಾಡುವ ಮನಸ್ಸಿಲ್ಲದವರೂ ಇದನ್ನು ತಿಳಿದಿದ್ದರೆ ಗ್ಯಾರೇಜಿನಲ್ಲಿ ‘ಯಾವ ರಿಂಗ್ ಹೋಗಿದೆ, ಹಳೆಯದನ್ನು ತೋರಿಸಿ’ ಅಂತ ಕೇಳಬಹುದು. ಹಾಗೆ ಕೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗಳಿಗೆ ಬೇಜಾರಾಗೋದಿಲ್ಲ, ಖುಷಿಯಿಂದಲೇ ತೋರಿಸುತ್ತಾರೆ. ಇದು ಬರೀ ನನ್ನ ಹಟವೂ ಅಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಕೈಪಿಡಿಗಳು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ಮಾಡಿದ್ದಾರೆ ಅನ್ನೋದು ಅದರ ಆಕ್ಷೇಪ. ಅದು ಕೋರ್ಟಿಗೆ ಹೋಯಿತು, ಆ ಮಾತು ಬೇರೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’, ಅಂದರೆ ರಿಪೇರಿಯ ಹಕ್ಕು, ಅಂತ ಸಮಿತಿ ಮಾಡಿ, ಪೋರ್ಟಲ್ ತೆರೆಯಿತು. ಅದರಲ್ಲಿ ಕೃಷಿ ಯಂತ್ರ, ಮೊಬೈಲ್, ಮನೆಬಳಕೆ ವಸ್ತುಗಳ ಜೊತೆ ವಾಹನಗಳೂ ಸೇರಿವೆ. ಇದನ್ನು ನಿಮ್ಮ ವಾಹನ ಪುಟದಲ್ಲಿ ಓದಿದ ನೆನಪು ನನಗಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ವಾರಕ್ಕೆ ಕಾಲು ಪುಟ ಹಳೆಯ ಗಾಡಿಗಳ ರಿಪೇರಿಗೆ ಕೊಡಿ. ಬರೆಯುವವರನ್ನು ಬೆಂಗಳೂರಿನಿಂದ ಹುಡುಕಬೇಕಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಗ್ಯಾರೇಜುಗಳಲ್ಲಿ ಗೇರ್ ಸದ್ದು ಕೇಳಿಯೇ ಯಾವ ಬೇರಿಂಗ್ ಅಂತ ಹೇಳುವವರಿದ್ದಾರೆ. ಅವರಿಗೆ ಬರೆಯಲು ಪುರುಸೊತ್ತಿಲ್ಲ, ನಿಮ್ಮ ವರದಿಗಾರರು ಹೋಗಿ ಕೂತು ಕೇಳಿಕೊಂಡು ಬರಲಿ. ಐಟಿಐ ಮೇಷ್ಟ್ರುಗಳೂ ಸುಮ್ನೆ ಕೂತಿಲ್ಲ, ಕೇಳಿದರೆ ಹೇಳುತ್ತಾರೆ. ಸನ್‌ರೂಫ್ ಬಗ್ಗೆ ಆಮೇಲೆ ಬರೆಯಬಹುದು, ನಮ್ಮ ಕಡೆ ಮಳೆಗಾಲದಲ್ಲಿ ಅದನ್ನು ತೆರೆಯುವವರೂ ಯಾರಿಲ್ಲ.

ಹೊಸನಗರದ ಓದುಗರಿಗೆ ಇನ್ನೊಂದು ಮಾತು. ಹೊಸ ರಿಂಗ್ ಹಾಕಿದ ಮೇಲೆ ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿ ಒಮ್ಮೆ ಎಣ್ಣೆ ಇಳಿಸಿ ನೋಡಿ. ಹಿತ್ತಾಳೆ ಪುಡಿ ಸ್ವಲ್ಪ ಕಂಡರೆ ಗಾಬರಿ ಬೇಡ, ಹೊಸ ರಿಂಗ್ ಹೊಂದಿಕೊಳ್ಳುವಾಗ ಅಷ್ಟು ಬರುತ್ತೆ. ಎಣ್ಣೆ ತುಂಬುವಾಗ ಗಾಡಿ ಸಮತಟ್ಟಾಗಿ ನಿಂತಿರಲಿ, ಲೆವೆಲ್ ತೂತಿನಿಂದ ತೊಟ್ಟಿಕ್ಕುವವರೆಗೂ ಹಾಕಿ ಬೋಲ್ಟ್ ಮುಚ್ಚಿ.

ಇಂತಿ,
ಒಬ್ಬ ಓದುಗ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ